ಸರ್ವರಿನ ನವೀಕರಣವೂ ಸೇವೆಗಳ ಪುನರಾರಂಭವೂ

ಕಲಾವಿಭಾಗದ ವಿದ್ಯಾರ್ಥಿಗೆ ಸರ್ವರಿನ ಗೊಡವೆಯೇಕೆ ಎಂದು ಸಹಪಾಠಿಗಳು ಕೇಳಬಹುದು. ಪ್ರವೇಶದ ಅರ್ಜಿ, ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನ, ಪಹಣಿ ಇವೆಲ್ಲವೂ ಇಂದು ಸರ್ವರುಗಳ ಮೂಲಕವೇ ನಡೆಯುತ್ತಿವೆ. ನನ್ನ ತಂದೆತಾಯಿಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಮನೆಯ ಇಂಥ ಕೆಲಸಗಳೆಲ್ಲ ನನ್ನ ಪಾಲಿನವು. ಅರ್ಜಿಯ ಕೊನೆಯ ದಿನ ಸೇವೆ ಅರ್ಧ ಗಂಟೆ ನಿಂತರೆ ಅದರ ಬೆಲೆ ಏನೆಂಬುದನ್ನು ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ. ಆದರೂ ಆಗಾಗ ಸೇವೆಗಳನ್ನು ನಿಲ್ಲಿಸಲೇಬೇಕಾಗುತ್ತದೆ. ಅದು ಏಕೆ, ಹೇಗೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸುತ್ತೇನೆ.

ಸರ್ವರೆಂದರೆ ಹಗಲಿರುಳು ಓಡುತ್ತ, ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಕಂಪ್ಯೂಟರು. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸೇವೆಯುಂಟು. ಸೇವೆಯು ಆರಂಭವಾಗುವಾಗ ತನ್ನ ತಂತ್ರಾಂಶವನ್ನೂ, ಹಲವು ಸೇವೆಗಳಿಗೆ ಸಾಮಾನ್ಯವಾದ ಲೈಬ್ರರಿಗಳನ್ನೂ ಡಿಸ್ಕಿನಿಂದ ಮೆಮೊರಿಗೆ ತಂದುಕೊಳ್ಳುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ನವೀಕರಣದಿಂದ ಡಿಸ್ಕಿನ ಮೇಲೆ ಹೊಸ ಕಡತ ಬಂದು ಕುಳಿತರೂ, ಓಡುತ್ತಿರುವ ಸೇವೆ ಹಳೆಯದನ್ನೇ ಹಿಡಿದುಕೊಂಡಿರುತ್ತದೆ; ಪಠ್ಯಪುಸ್ತಕದ ಹೊಸ ಆವೃತ್ತಿ ಗ್ರಂಥಾಲಯಕ್ಕೆ ಬಂದರೂ ಹಳೆಯ ನೋಟ್ಸನ್ನೇ ಉರು ಹೊಡೆಯುವ ನಮ್ಮ ಹಾಗೆ! ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗಲೇ ಹೊಸದು ಜಾರಿಗೆ ಬರುವುದು.

ಇದರ ಮಹತ್ವಕ್ಕೆ 2014ರ ಏಪ್ರಿಲಿನ ಘಟನೆ ಸಾಕ್ಷಿ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂದಿತು. ಹೊರಗಿನವರು ಒಂದೊಂದು ಸಲಕ್ಕೆ 64 ಕಿಲೋಬೈಟಿನವರೆಗೆ ಸರ್ವರಿನ ಮೆಮೊರಿಯನ್ನು ಕದ್ದು ಓದಬಹುದಾಗಿತ್ತು. 1.0.1ಜಿ ಆವೃತ್ತಿಯಲ್ಲಿ ದೋಷ ಸರಿಹೋಯಿತು. ಆದರೆ ಅದನ್ನು ಸ್ಥಾಪಿಸಿ ಸೇವೆಗಳನ್ನು ಪುನರಾರಂಭಿಸದೆ ಬಿಟ್ಟರೆ, ಹೊಸ ಬೀಗವನ್ನು ಕೊಂಡು ತಂದು ಅಟ್ಟದ ಮೇಲಿಟ್ಟಂತೆಯೇ ಸರಿ.

ಹಾಗಾದರೆ ಎಲ್ಲವೂ ತಾನಾಗಿ ಪುನರಾರಂಭವಾಗಲಿ ಎನ್ನಬಹುದೆ? ಅದೂ ಅಪಾಯವೇ. ದತ್ತಸಂಚಯದ ಸೇವೆ ನಿಂತರೆ ಅದರ ಸಂಪರ್ಕಗಳೆಲ್ಲ ಕಡಿದು, ಅರ್ಧಕ್ಕೆ ನಿಂತ ವ್ಯವಹಾರಗಳು ರದ್ದಾಗುತ್ತವೆ. ಆದ್ದರಿಂದ ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ ಎರಡು ಅನುಕೂಲಗಳಿವೆ. ‘ನೀಡ್‌ರೀಸ್ಟಾರ್ಟ್’ ಎಂಬ ಸಾಧನವು ಯಾವ ಸೇವೆಗಳು ಇನ್ನೂ ಹಳೆಯ ಲೈಬ್ರರಿಯನ್ನು ಹಿಡಿದಿವೆ ಎಂಬುದನ್ನು ಪತ್ತೆಮಾಡುತ್ತದೆ. ‘ಪಾಲಿಸಿ-ಆರ್‌ಸಿ.ಡಿ’ ಎಂಬ ಕಿರು ಕಡತವು 101 ಎಂಬ ಸಂಖ್ಯೆಯನ್ನು ಉತ್ತರವಾಗಿ ಕೊಟ್ಟರೆ, ನವೀಕರಣದ ನಡುವೆ ಸೇವೆಗಳ ಪುನರಾರಂಭಕ್ಕೆ ತಡೆ ಬೀಳುತ್ತದೆ; ನಿರ್ವಾಹಕನು ತಕ್ಕ ವೇಳೆ ನೋಡಿ ಆ ಕೆಲಸ ಮಾಡಬಹುದು.

ನಿಲ್ಲಿಸದೆಯೇ ಬದಲಿಸುವ ಜಾಣ್ಮೆಯೂ ಉಂಟು. ‘ಎಂಜಿನ್‌ಎಕ್ಸ್’ ಎಂಬ ವೆಬ್ ಸರ್ವರಿಗೆ ‘ಯುಎಸ್‌ಆರ್2’ ಎಂಬ ಸಂಕೇತ ಕೊಟ್ಟರೆ, ಹಳೆಯದು ಓಡುತ್ತಿರುವಾಗಲೇ ಹೊಸ ಆವೃತ್ತಿಯೂ ಆರಂಭವಾಗುತ್ತದೆ. ಬಳಿಕ ಹಳೆಯದಕ್ಕೆ ನಿವೃತ್ತಿಯ ಸಂಕೇತ ಕೊಡಬೇಕು. ಆಗ ಹೊಸ ಪ್ರಯಾಣಿಕರು ಹೊಸ ಬಸ್ಸನ್ನೇರುತ್ತಾರೆ; ಹಳೆಯ ಬಸ್ಸು ಹತ್ತಿದವರನ್ನು ಊರು ಮುಟ್ಟಿಸಿ ಡಿಪೋ ಸೇರುತ್ತದೆ. ಬರಿಯ ‘ರೀಲೋಡ್’ ಇದಕ್ಕೆ ಸಾಲದು. ಅದು ಹೊಸ ಸಂರಚನೆಯನ್ನು ಓದುತ್ತದೆಯೇ ಹೊರತು ಹೊಸ ತಂತ್ರಾಂಶವನ್ನಲ್ಲ. ಹಲವು ಸರ್ವರುಗಳಿದ್ದಲ್ಲಿ ಒಂದೊಂದನ್ನೇ ಸರದಿಯಿಂದ ಪುನರಾರಂಭಿಸುವುದು ಇನ್ನೊಂದು ಕ್ರಮ. ಕರ್ನೆಲ್ ಬದಲಾದರೆ ಮಾತ್ರ ಸಾಮಾನ್ಯವಾಗಿ ಇಡೀ ಯಂತ್ರವನ್ನೇ ಪುನರಾರಂಭಿಸಬೇಕು.

ಹೀಗೆ, ಪುನರಾರಂಭವನ್ನು ಮುಂದೂಡಿದರೆ ಜನರ ಗುಟ್ಟಿಗೆ ಅಪಾಯ. ಹೊತ್ತು ನೋಡದೆ ಮಾಡಿದರೆ ಅವರ ಕೆಲಸಕ್ಕೆ ಕೇಡು. ಮುಂಚಿತವಾಗಿ ತಿಳಿಸಿ, ಬಳಕೆ ಕಡಿಮೆಯಿರುವ ವೇಳೆಯನ್ನು ಆರಿಸಿ, ಸಂರಚನೆಯನ್ನು ಮೊದಲೇ ಪರೀಕ್ಷಿಸಿ, ಆರಂಭವಾದ ಮೇಲೆ ಮತ್ತೊಮ್ಮೆ ನೋಡುವುದೇ ಸರಿಯಾದ ದಾರಿ. ನಮ್ಮಲ್ಲಿ ಕೆಲವರು ನಾಳೆ ಕಚೇರಿಗಳಲ್ಲಿ ಕುಳಿತು ಇಂಥ ವೇಳೆಗಳನ್ನು ಗೊತ್ತುಮಾಡುವವರೇ. ಆಗ ಅರ್ಜಿಗಳ ಕೊನೆಯ ದಿನಾಂಕವನ್ನು ಒಮ್ಮೆ ನೋಡಿಕೊಂಡರೆ, ಬಡ ವಿದ್ಯಾರ್ಥಿಯೊಬ್ಬನ ವರ್ಷ ಉಳಿದೀತು.