ಗಾಡಿಯ ಮೇಲಿನ ಸೋಲಾರ್

ತಿಪಟೂರು ಸೀಮೆಯಲ್ಲಿ ಸೋಲಾರ್ ಹಾಕಿಸುವವರು ಮೊದಲು ತೆಂಗಿನ ಮರದ ನೆರಳು ಅಳೆಯಬೇಕು. ನಮ್ಮದು ಹಳೆಯ ಹಂಚಿನ ಮನೆ. ಪ್ಯಾನಲ್‌ಗಳ ಭಾರವನ್ನು ಸೂರಿನ ಮೇಲೆ ಹೇರುವ ಧೈರ್ಯ ಬರಲಿಲ್ಲ, ಹಿತ್ತಿಲಲ್ಲೇ ನಿಲ್ಲಿಸಬೇಕಾಯಿತು. ಆದರೆ ಎಲ್ಲಿ? ಡಿಸೆಂಬರಿನ ನಡುಹಗಲಲ್ಲಿ ಇಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. 15 ಮೀಟರ್ ಎತ್ತರದ ಮರದ ನೆರಳು ಆಗ 11 ಮೀಟರ್ ಉತ್ತರಕ್ಕೆ ಚಾಚುತ್ತದೆ. ಬಿಸಿಲು ಬೇಕಾದರೆ ಉತ್ತರದ ಬೇಲಿಯವರೆಗೂ ಹೋಗಬೇಕು. ಜೂನ್‌ನಲ್ಲಿ ಸೂರ್ಯ ನೆತ್ತಿ ದಾಟಿ 10 ಡಿಗ್ರಿ ಉತ್ತರಕ್ಕೆ ಸರಿದಾಗ ಬೇಲಿಯಾಚೆಯ ಹಲಸಿನ ನೆರಳು ಅದೇ ಜಾಗಕ್ಕೆ ಇಳಿಯುತ್ತದೆ. ಹಾಗಾಗಿ ಪ್ಯಾನಲ್‌ಗಳಿಗೆ ಚಕ್ರ ಹಾಕಿಸಿದೆ.

ಒಂದು ತೆಂಗಿನ ಗರಿಯ ನೆರಳಿಗೆ ಇಷ್ಟು ಹೆದರಬೇಕೆ? ಹೆದರಲೇಬೇಕು. ನಮ್ಮ 335 ವ್ಯಾಟ್ ಪ್ಯಾನಲ್‌ನಲ್ಲಿ 72 ಕೋಶಗಳು ಸರಣಿಯಾಗಿ ಜೋಡಣೆಗೊಂಡಿವೆ. ಪೈಪನ್ನು ಒಂದು ಕಡೆ ಮಡಿಸಿದರೆ ಅಷ್ಟೂ ಉದ್ದದ ನೀರು ಕಟ್ಟಿಕೊಳ್ಳುವಂತೆ, ಅಂಗೈ ಚಾಚಿದಷ್ಟಗಲದ ಒಂದು ಕೋಶ ಮಂಕಾದರೆ ಸರಣಿಯ ವಿದ್ಯುತ್ತೇ ಕುಗ್ಗುತ್ತದೆ. ಹಿಂಬದಿಯ ಡಬ್ಬಿಯಲ್ಲಿರುವ ಮೂರು ಬೈಪಾಸ್ ಡಯೋಡ್‌ಗಳು 24 ಕೋಶಗಳ ಒಂದೊಂದು ಗುಂಪನ್ನು ಬಳಸಿ ಸಾಗಲು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ಆಗಲೂ ಪ್ಯಾನಲ್‌ನ ಮೂರನೇ ಒಂದು ಪಾಲು ಹೋದಂತೆಯೇ.

ಚೌಕಟ್ಟು ಜಿಐ ಪೈಪಿನದು. ಮುಂದೆ ಕೀಲು, ಹಿಂದೆ ಪೈಪಿನೊಳಗೆ ಪೈಪು ಜಾರುವ ಕಾಲು, ತೂತಿಗೊಂದು ಪಿನ್ನು. ಡಿಸೆಂಬರಿಗೆ ಓರೆ 37 ಡಿಗ್ರಿ, ಮಾರ್ಚ್ ಮತ್ತು ಸೆಪ್ಟೆಂಬರಿಗೆ 13. ಜೂನ್‌ನಲ್ಲಿ ಗಾಡಿಯನ್ನೇ ತಿರುಗಿಸಿ, 10 ಡಿಗ್ರಿ ಓರೆಯಲ್ಲಿ ಉತ್ತರಕ್ಕೆ ಮುಖ ಮಾಡಿಸುತ್ತೇನೆ. ಅಷ್ಟು ಓರೆಯಿದ್ದರೆ ಮಳೆನೀರು ಧೂಳನ್ನೂ ಇಳಿಸಿಕೊಂಡು ಹೋಗುತ್ತದೆ.

ಗಾಡಿಯ ನಿಜವಾದ ಶತ್ರು ಗಾಳಿ. ಗಂಟೆಗೆ 90 ಕಿ.ಮೀ. ವೇಗದ ಗಾಳಿ ಎದುರಿಗೆ ಬಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 38 ಕೆ.ಜಿ. ಭಾರದಷ್ಟು ಒತ್ತುತ್ತದೆ. ನಮ್ಮ ಎರಡು ಪ್ಯಾನಲ್ ಸೇರಿ ನಾಲ್ಕು ಚದರ ಮೀಟರ್, ಅಂದರೆ 150 ಕೆ.ಜಿ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಮೊದಲ ವರ್ಷ ಎರಡು ಮರಳು ಚೀಲ ಸಾಕೆಂದುಕೊಂಡಿದ್ದೆ. ಮೇ ತಿಂಗಳ ಒಂದು ಸಂಜೆ ಗಾಳಿ ಗಾಡಿಯನ್ನು ಮಗುಚಿತು. ಒಂದು ಪ್ಯಾನಲ್‌ನ ಗಾಜು ಜೇಡರ ಬಲೆಯಂತೆ ಬಿರುಕುಬಿಟ್ಟು, ಚೂರು ಉದುರದೆ ಹಾಗೇ ನಿಂತಿತ್ತು. ಇಂಥದನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಒಡೆದ ಪ್ಯಾನಲ್ ಕೂಡ ಬೆಳಕು ಬಿದ್ದರೆ ವಿದ್ಯುತ್ ಹುಟ್ಟಿಸುತ್ತದೆ. ಈಗ ನಾಲ್ಕು ಮೂಲೆಗೂ ಘನ ಅಡಿಯ ಒಂದೊಂದು ಗ್ರಾನೈಟ್ ಕಲ್ಲು ಹೇರಿದ್ದೇನೆ, ಒಂದೊಂದೂ ಸುಮಾರು 75 ಕೆ.ಜಿ. ಮೋಡ ಕಪ್ಪಿಟ್ಟರೆ ಪಿನ್ನು ಕಿತ್ತು ಪ್ಯಾನಲ್ ಮಲಗಿಸುತ್ತೇನೆ.

ಜಾಗ ಬದಲಿಸುವುದು ಕತ್ತಲಾದ ಮೇಲೆಯೇ, ಐಸೊಲೇಟರ್ ಸ್ವಿಚ್ ಆರಿಸಿ. ಬಿಸಿಲಲ್ಲಿ ಕನೆಕ್ಟರ್ ಎಳೆದರೆ ಡಿಸಿ ಕಿಡಿ ಬೇಗ ಆರುವುದಿಲ್ಲ, ಕೈ ಸುಡುತ್ತದೆ. ಅರ್ಥಿಂಗ್‌ಗೆ ಬಾಗುವ ತಾಮ್ರದ ತಂತಿಯನ್ನೇ ಉದ್ದ ಬಿಟ್ಟು ಚೌಕಟ್ಟಿಗೆ ಬಿಗಿದಿದ್ದೇನೆ. ಹಿತ್ತಿಲಲ್ಲಿ ಎರಡು ಕಡೆ ಗೂಟ ಹೊಡೆದು ಗುರುತು ಮಾಡಿದ್ದೇನೆ. ಬೇಲಿ ಪಕ್ಕದ್ದು ಡಿಸೆಂಬರಿಗೆ, ಬಾವಿಕಟ್ಟೆಯ ಹತ್ತಿರದ್ದು ಜೂನ್‌ಗೆ.