ಬ್ಯಾಟರಿಗೂ ಮೋಟಾರಿಗೂ ನಡುವೆ: ರೇಡಿಯೋ ಕಾರಿನ ವೇಗ ನಿಯಂತ್ರಕ

ರೇಡಿಯೋ ಸಂಕೇತದಿಂದ ಓಡುವ ಹವ್ಯಾಸಿ ಕಾರುಗಳು ಅಂಗಡಿಯಲ್ಲಿ ಸಿಗುವ ಆಟಿಕೆ ಕಾರುಗಳಿಗಿಂತ ಬೇರೆಯೇ ಬಗೆಯವು. ಅವುಗಳ ಮೋಟಾರು, ಬ್ಯಾಟರಿ, ಸಂಕೇತ ಹಿಡಿಯುವ ರಿಸೀವರ್, ಮುಂದಿನ ಚಕ್ರಗಳನ್ನು ತಿರುಗಿಸುವ ಸರ್ವೋ ಎಲ್ಲವೂ ಬಿಡಿಬಿಡಿಯಾಗಿ ದೊರೆಯುವುದರಿಂದ, ಒಂದನ್ನು ತೆಗೆದು ಮತ್ತೊಂದನ್ನು ಹಾಕುವ ಸ್ವಾತಂತ್ರ್ಯ ಕಾರಿನ ಒಡೆಯನಿಗೆ ಇದ್ದೇ ಇರುತ್ತದೆ. ಆ ಸ್ವಾತಂತ್ರ್ಯದ ಹೊರೆಯೆಲ್ಲ ಕೊನೆಗೆ ಬೀಳುವುದು ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆಯ ಮೇಲೆ. ಇಎಸ್‌ಸಿ ಎಂಬ ಮೂರಕ್ಷರದಿಂದ ಹವ್ಯಾಸಿಗಳು ಕರೆಯುವ ಈ ವೇಗ ನಿಯಂತ್ರಕದ ಒಂದು ಬದಿಯಲ್ಲಿ ರಿಸೀವರಿನಿಂದ ಬರುವ ತೀರಾ ಕ್ಷೀಣವಾದ ಸಂಕೇತವಿದ್ದರೆ, ಇನ್ನೊಂದು ಬದಿಯಲ್ಲಿ ಹತ್ತಾರು ಆಂಪಿಯರ್ ವಿದ್ಯುತ್ತು ಹರಿಯುತ್ತಿರುತ್ತದೆ. ಅದನ್ನು ಜೋಡಿಸುವಾಗ ಪಾಲಿಸಬೇಕಾದ ಬಹುತೇಕ ನಿಯಮಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ಸುಟ್ಟುಹೋದ ನಿಯಂತ್ರಕಗಳಲ್ಲಿಯೂ ಹೆಚ್ಚಿನವು ತಯಾರಿಕೆಯ ದೋಷಕ್ಕಿಂತ ಜೋಡಣೆಯ ಅವಸರಕ್ಕೇ ಬಲಿಯಾದವು ಎನ್ನಬೇಕು.

ಈ ಸಾಧನ ಬರುವುದಕ್ಕೆ ಮುನ್ನ ವೇಗವನ್ನು ಹಿಡಿತದಲ್ಲಿಡಲು ಯಾಂತ್ರಿಕ ವ್ಯವಸ್ಥೆಯೊಂದಿತ್ತು. ಜಪಾನಿನ ಟಾಮಿಯಾ ಸಂಸ್ಥೆ 1976ರಲ್ಲಿ ಪೋರ್ಷೆ 934 ಮಾದರಿಯ ರೇಡಿಯೋ ಕಾರನ್ನು ಮಾರುಕಟ್ಟೆಗೆ ತಂದ ಮೇಲೆ ಈ ಹವ್ಯಾಸ ಹಲವು ದೇಶಗಳಿಗೆ ಹರಡಿತು. 1984ರಲ್ಲಿ ಬಂದ ಅದೇ ಸಂಸ್ಥೆಯ ಗ್ರಾಸ್‌ಹಾಪರ್, ಹಾರ್ನೆಟ್ ಕಾರುಗಳಲ್ಲಿಯೂ ಸರ್ವೋ ಒಂದು ತನ್ನ ತೋಳಿನಿಂದ ಲೋಹದ ಸಂಪರ್ಕವನ್ನು ಸರಿಸಿ ವೇಗದ ಹಂತವನ್ನು ಬದಲಿಸುತ್ತಿತ್ತು. ಕಡಿಮೆ ವೇಗದ ಹಂತದಲ್ಲಿ ಬ್ಯಾಟರಿಯ ಶಕ್ತಿಯ ಒಂದು ಭಾಗ ರೆಸಿಸ್ಟರ್ ಎಂಬ ವಿದ್ಯುತ್ ತಡೆಯಲ್ಲಿ ಬರಿಯ ಶಾಖವಾಗಿ ಹೋಗುತ್ತಿತ್ತು. ಪಂಪ್‌ಸೆಟ್ಟನ್ನು ಪೂರ್ತಿ ಓಡಿಸಿ, ಗದ್ದೆಗೆ ಬೇಕಾದಷ್ಟು ನೀರು ಬಿಟ್ಟುಕೊಂಡು ಉಳಿದದ್ದನ್ನು ಹಳ್ಳಕ್ಕೆ ಹರಿಸಿದಂಥ ಕ್ರಮ ಅದು.

ಎಲೆಕ್ಟ್ರಾನಿಕ್ ನಿಯಂತ್ರಕ ಈ ವ್ಯರ್ಥವನ್ನು ತಪ್ಪಿಸುವ ಬಗೆ ಸರಳವೂ ಜಾಣತನದ್ದೂ ಆಗಿದೆ. ಅದರೊಳಗೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರುಗಳಿದ್ದು, ಅವು ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಪೂರ್ತಿಯಾಗಿ ಹರಿಯಬಿಡುತ್ತವೆ, ಪೂರ್ತಿಯಾಗಿ ನಿಲ್ಲಿಸುತ್ತವೆ. ಹರಿಯುವ ಅವಧಿ ಎಷ್ಟು, ನಿಲ್ಲುವ ಅವಧಿ ಎಷ್ಟು ಎಂಬ ಅನುಪಾತದ ಮೇಲೆ ಮೋಟಾರಿನ ವೇಗ ನಿಂತಿರುತ್ತದೆ. ಅನುಪಾತವನ್ನು ನಿರ್ಧರಿಸುವುದು ಓಡಿಸುವವರ ಕೈಯಲ್ಲಿರುವ, ಸಂಕೇತ ಕಳಿಸುವ ಟ್ರಾನ್ಸ್‌ಮಿಟರಿನ ಟ್ರಿಗರ್. ರಿಸೀವರಿನಿಂದ ನಿಯಂತ್ರಕಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 50 ಬಾರಿ ಒಂದು ವಿದ್ಯುತ್ ಸ್ಪಂದನ ಬರುತ್ತಿದ್ದು, ಅದರ ಅವಧಿ 1.5 ಮಿಲಿಸೆಕೆಂಡಿನ ಹತ್ತಿರವಿದ್ದರೆ ಕಾರು ನಿಂತಿರಬೇಕೆಂದೂ, ಅದು 2 ಮಿಲಿಸೆಕೆಂಡಿನ ಕಡೆಗೋ 1 ಮಿಲಿಸೆಕೆಂಡಿನ ಕಡೆಗೋ ಸರಿದರೆ ಮುಂದಕ್ಕೆ ಹೋಗಬೇಕು ಅಥವಾ ಬ್ರೇಕು ಹಿಡಿಯಬೇಕೆಂದೂ ನಿಯಂತ್ರಕ ಅರ್ಥಮಾಡಿಕೊಳ್ಳುತ್ತದೆ.

ನಿಯಂತ್ರಕವನ್ನು ಕೊಳ್ಳುವಾಗ ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಆಂಪಿಯರ್ ಸಂಖ್ಯೆಗೆ ಮರುಳಾಗುವವರೇ ಹೆಚ್ಚು. ಆ ಸಂಖ್ಯೆಗಿಂತ ಮುಖ್ಯವಾದವು ಬ್ಯಾಟರಿಯಲ್ಲಿ ಎಷ್ಟು ಸೆಲ್‌ಗಳಿವೆ, ಮೋಟಾರಿನ ಸುತ್ತು ಎಷ್ಟು ಎಂಬ ಎರಡು ಪ್ರಶ್ನೆಗಳು. ಕಾರ್ಬನ್ ಬ್ರಷ್ ಇರುವ ಹಳೆಯ ಬಗೆಯ ಮೋಟಾರಿನಲ್ಲಿ ತಿರುಗುವ ಭಾಗದ ಪ್ರತಿ ಹಲ್ಲಿಗೂ ತಾಮ್ರದ ತಂತಿಯನ್ನು ಎಷ್ಟು ಸಲ ಸುತ್ತಲಾಗಿದೆ ಎಂಬುದನ್ನು ಟರ್ನ್ ಎನ್ನುತ್ತಾರೆ. ಸುತ್ತು ಕಡಿಮೆಯಾದಷ್ಟೂ ತಂತಿಯ ತಡೆ ಕಡಿಮೆಯಾಗಿ, ಮೋಟಾರು ಹೆಚ್ಚು ವೇಗವಾಗಿ ತಿರುಗುತ್ತದೆ, ಹಾಗೆಯೇ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಹತ್ತನೇ ಒಂದು ಅಳತೆಯ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಹಾಬಿವಿಂಗ್ 1060 ಎಂಬ 60 ಆಂಪಿಯರ್ ನಿಯಂತ್ರಕವನ್ನೇ ನೋಡಿದರೆ, ಎರಡು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿಯೊಂದಿಗೆ 12 ಟರ್ನ್ ಅಥವಾ ಅದಕ್ಕಿಂತ ಹೆಚ್ಚು ಸುತ್ತಿನ 540 ಗಾತ್ರದ ಮೋಟಾರನ್ನು ಅದು ಓಡಿಸಬಲ್ಲದು. ಬ್ಯಾಟರಿ ಮೂರು ಸೆಲ್‌ಗಳದ್ದಾದರೆ ಮಿತಿ 18 ಟರ್ನ್‌ಗೆ ಏರುತ್ತದೆ. ಪೆಟ್ಟಿಗೆ ಅದೇ, 60 ಎಂಬ ಸಂಖ್ಯೆಯೂ ಅದೇ, ಆದರೂ ಒಂದು ಸೆಲ್ ಹೆಚ್ಚಾದ ಮಾತ್ರಕ್ಕೆ ನಿನ್ನೆಯ ತನಕ ತಕರಾರಿಲ್ಲದೆ ಓಡಿದ ಮೋಟಾರು ಅದನ್ನು ಸುಡಬಲ್ಲದು.

ಬ್ರಷ್ ಇಲ್ಲದ ಮೋಟಾರುಗಳಲ್ಲಿ ಅಳತೆಗೋಲು ಕೆವಿ ಎಂಬುದು, ಅಂದರೆ ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 3300 ಕೆವಿ ಮೋಟಾರಿಗೆ 7.4 ವೋಲ್ಟ್ ಕೊಟ್ಟರೆ ನಿಮಿಷಕ್ಕೆ ಸುಮಾರು 24,400 ಸುತ್ತು, 11.1 ವೋಲ್ಟ್ ಕೊಟ್ಟರೆ 36,600ಕ್ಕೂ ಹೆಚ್ಚು. ಇದಕ್ಕೆ ಗೇರಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಮೋಟಾರಿನ ತುದಿಯಲ್ಲಿರುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ದೊಡ್ಡದು ಮಾಡಿದರೆ ಕಾರಿನ ಗರಿಷ್ಠ ವೇಗ ಹೆಚ್ಚುತ್ತದೆ ನಿಜ, ಆದರೆ ಮೋಟಾರಿನ ಮೇಲಿನ ಹೊರೆಯೂ ಹೆಚ್ಚಿ, ಅದರ ಬೆಲೆಯನ್ನು ತೆರಬೇಕಾದುದು ನಿಯಂತ್ರಕ. ಹೊಸ ಜೋಡಣೆಗೆ ತಯಾರಕರು ಸೂಚಿಸಿದ್ದಕ್ಕಿಂತ ಒಂದೆರಡು ಹಲ್ಲು ಕಡಿಮೆಯಿರುವ ಪಿನಿಯನ್ನಿನಿಂದ ಆರಂಭಿಸಿ, ಕೆಲವು ನಿಮಿಷ ಓಡಿಸಿ, ಮೋಟಾರು ಮತ್ತು ನಿಯಂತ್ರಕದ ಬಿಸಿಯನ್ನು ನೋಡಿಕೊಂಡು ಮುಂದುವರಿಯುವುದು ವಿವೇಕದ ದಾರಿ.

ಜೋಡಣೆಯಲ್ಲಿ ಹೆಚ್ಚಿನ ಗಮನ ಬೇಡುವುದು ಬೆಸುಗೆ. ಬೆಸುಗೆ ಸರಿಯಾಗದ ಕೂಡುಗಂಟಿನಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ತಡೆ ಉಳಿದಿದೆ ಎಂದುಕೊಂಡರೆ, 20 ಆಂಪಿಯರ್ ಹರಿಯುವಾಗ ಅಲ್ಲಿ 4 ವ್ಯಾಟ್ ಶಾಖ ಹುಟ್ಟುತ್ತದೆ. ವಿದ್ಯುತ್ತು 40 ಆಂಪಿಯರಿಗೆ ಏರಿದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟಾಗಿ 16 ವ್ಯಾಟಿಗೆ ಮುಟ್ಟುತ್ತದೆ. ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ ಅಷ್ಟು ಬಿಸಿ ಕೂಡಿಕೊಂಡರೆ ಪ್ಲಾಸ್ಟಿಕ್ ಕವಚ ಮೆತ್ತಗಾಗುತ್ತದೆ, ಕೊನೆಗೆ ಬೆಸುಗೆಯೇ ಕರಗಿ ತಂತಿ ಕಳಚಿಕೊಳ್ಳಬಹುದು. ಸಣ್ಣ ಸರ್ಕ್ಯೂಟ್ ಬೋರ್ಡುಗಳಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸುಲಭವಾಗಿ ಸಿಗುವ 25 ವ್ಯಾಟಿನ ಸೋಲ್ಡರಿಂಗ್ ಐರನ್ ಈ ದಪ್ಪ ತಂತಿಗಳಿಗೆ ಸಾಲದು. ಅದು ತಂತಿಯನ್ನು ಕಾಯಿಸುವಷ್ಟರಲ್ಲಿ ಶಾಖ ತಂತಿಯುದ್ದಕ್ಕೂ ಹರಿದುಹೋಗಿ, ಮೇಲೆ ಮಾತ್ರ ಅಂಟಿಕೊಂಡ, ಮಂಕಾಗಿ ಕಾಣುವ ಹುಸಿ ಬೆಸುಗೆ ಉಳಿಯುತ್ತದೆ. 60 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ, ಅಗಲ ತುದಿಯ ಐರನ್ ಹಿಡಿದು, ತಂತಿಯ ತುದಿಗೂ ಕನೆಕ್ಟರಿನ ಬಟ್ಟಲಿಗೂ ಮೊದಲು ಬೇರೆಬೇರೆಯಾಗಿ ಸೋಲ್ಡರ್ ಹಿಡಿಸಿ, ಆಮೇಲೆ ಎರಡನ್ನೂ ಕೂಡಿಸಿ ಕಾಯಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ಹೀಟ್ ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮೊದಲೇ ತಂತಿಗೆ ತೊಡಿಸಿಟ್ಟುಕೊಳ್ಳಬೇಕು. ಮರೆತರೆ ಬೆಸುಗೆ ಬಿಚ್ಚಿ ಮತ್ತೆ ಮಾಡುವುದೊಂದೇ ಗತಿ.

ಬ್ಯಾಟರಿಯ ಕನೆಕ್ಟರನ್ನು ಬದಲಿಸುವವರು ಒಂದು ತಂತಿಯನ್ನು ಕತ್ತರಿಸಿ, ಬೆಸೆದು, ಕೊಳವೆಯಿಂದ ಮುಚ್ಚಿದ ಮೇಲೆಯೇ ಎರಡನೆಯದಕ್ಕೆ ಕತ್ತರಿ ಹಾಕಬೇಕು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಅಲಗೇ ಧನ, ಋಣ ತುದಿಗಳನ್ನು ಕೂಡಿಸಿಬಿಡುತ್ತದೆ. ಧನ, ಋಣಗಳ ಅದಲುಬದಲಂತೂ ಈ ಕೆಲಸದ ಅತಿ ದುಬಾರಿ ತಪ್ಪು: ಬಹುತೇಕ ನಿಯಂತ್ರಕಗಳಲ್ಲಿ ಇದಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲವಾದ್ದರಿಂದ, ತಪ್ಪು ಗೊತ್ತಾಗುವ ಹೊತ್ತಿಗೆ ಹೊಗೆ ಎದ್ದಿರುತ್ತದೆ. ಎಕ್ಸ್‌ಟಿ60ಯಂಥ ಕನೆಕ್ಟರುಗಳು ಒಂದೇ ದಿಕ್ಕಿನಲ್ಲಿ ಕೂರುವಂತೆ ರೂಪಿತವಾಗಿದ್ದರೂ, ಗಟ್ಟಿ ಕವಚದ ಬ್ಯಾಟರಿಗಳಲ್ಲಿ ತಂತಿಯ ತುದಿಯ ದುಂಡು ಪಿನ್ನನ್ನು ನೇರವಾಗಿ ಬ್ಯಾಟರಿಯ ತೂತಿಗೆ ಚುಚ್ಚುವ ಕ್ರಮವಿದ್ದು, ಅಲ್ಲಿ ತಡೆಯುವುದು ಕಣ್ಣು ಮಾತ್ರ. ಯಾವುದೇ ಹೊಸ ಜೋಡಣೆಯನ್ನು ಮಲ್ಟಿಮೀಟರಿನಿಂದ ಒಮ್ಮೆ ಪರೀಕ್ಷಿಸದೆ ಬ್ಯಾಟರಿಗೆ ಕೊಡಬಾರದು.

ಮೋಟಾರಿನ ತಂತಿಗಳ ವಿಷಯ ಹಾಗಲ್ಲ. ಬ್ರಷ್ ಮೋಟಾರಿನ ಎರಡು ತಂತಿಗಳು ಅದಲುಬದಲಾದರೆ ಕಾರು ಹಿಂದಕ್ಕೆ ಓಡುತ್ತದೆ, ಅಷ್ಟೆ. ಬ್ರಷ್ ರಹಿತ ಮೋಟಾರಿನ ಮೂರು ತಂತಿಗಳಲ್ಲಿ ಯಾವ ಎರಡನ್ನು ಬದಲಿಸಿದರೂ ದಿಕ್ಕು ತಿರುಗುತ್ತದೆ. ಆದರೆ ಸೆನ್ಸರ್ ಉಳ್ಳ ಮೋಟಾರಾದರೆ ಎ, ಬಿ, ಸಿ ಎಂದು ಗುರುತು ಮಾಡಿದ ತಂತಿಗಳು ಅದೇ ಗುರುತಿನ ತುದಿಗಳಿಗೇ ಸೇರಬೇಕು, ಏಕೆಂದರೆ ಸೆನ್ಸರ್ ಹೇಳುವ ಸ್ಥಾನಕ್ಕೂ ವಿದ್ಯುತ್ತು ಹರಿಯುವ ಸುರುಳಿಗೂ ಹೊಂದಾಣಿಕೆ ತಪ್ಪಿದರೆ ಮೋಟಾರು ನಡುಗಿ, ಬಿಸಿಯೇರಿ, ನಿಯಂತ್ರಕವನ್ನೂ ಕೆಡಿಸಬಹುದು.

ಬ್ಯಾಟರಿಯ ತಂತಿಗಳನ್ನು ಅಂದಕ್ಕೆಂದು ಉದ್ದ ಮಾಡುವ ಚಾಳಿ ಕೆಲವರಲ್ಲಿದೆ. ಮಾಸ್‌ಫೆಟ್ ವಿದ್ಯುತ್ತನ್ನು ಥಟ್ಟನೆ ತಡೆದಾಗ ತಂತಿಯಲ್ಲಿ ಹರಿಯುತ್ತಿದ್ದ ವಿದ್ಯುತ್ತು ಒಮ್ಮೆಲೇ ನಿಲ್ಲಲಾರದೆ ಕ್ಷಣಕಾಲ ವೋಲ್ಟೇಜನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯನ್ನು ನುಂಗಲೆಂದೇ ನಿಯಂತ್ರಕದ ಬ್ಯಾಟರಿಯ ಕಡೆ ಕೆಪಾಸಿಟರ್‌ಗಳನ್ನು ಕೂರಿಸಿರುತ್ತಾರೆ. ತಂತಿ ಉದ್ದವಾದಷ್ಟೂ ಅವುಗಳ ಕೆಲಸ ಹೆಚ್ಚಿ ಆಯುಸ್ಸು ಕುಗ್ಗುತ್ತದೆ, ಆದ್ದರಿಂದ ತಯಾರಕರು ಕೊಟ್ಟಷ್ಟೇ ಉದ್ದವನ್ನು, ಸಾಧ್ಯವಾದರೆ ಅದಕ್ಕಿಂತ ಗಿಡ್ಡವಾಗಿ, ಇಟ್ಟುಕೊಳ್ಳುವುದು ಲೇಸು. ಇನ್ನು ಬ್ರಷ್ ಮೋಟಾರಿನ ಕಿಡಿಗಳಿಂದ ಹುಟ್ಟುವ ರೇಡಿಯೋ ಗದ್ದಲವನ್ನು ತಗ್ಗಿಸಲು ಮೋಟಾರಿನ ತುದಿಗಳಿಗೆ 104 ಎಂದು ಅಚ್ಚಾದ, ಅಂದರೆ 0.1 ಮೈಕ್ರೋಫ್ಯಾರಡ್‌ನ ಸಣ್ಣ ಸೆರಾಮಿಕ್ ಕೆಪಾಸಿಟರುಗಳನ್ನು ಬೆಸೆಯುವುದು ವಾಡಿಕೆ. ಮುಂದಕ್ಕೆ ಮಾತ್ರ ಓಡಿಸುವ ಹಳೆಯ ನಿಯಂತ್ರಕಗಳೊಂದಿಗೆ ಮೋಟಾರಿಗೆ ಶಾಟ್ಕಿ ಡಯೋಡ್ ಹಾಕುತ್ತಿದ್ದರು. ರಿವರ್ಸ್ ಇರುವ ನಿಯಂತ್ರಕಕ್ಕೆ ಅಂಥ ಮೋಟಾರನ್ನು ಜೋಡಿಸಿದರೆ ಹಿಂದಕ್ಕೆ ಓಡಿಸಿದೊಡನೆ ಆ ಡಯೋಡ್ ಶಾರ್ಟ್ ಸರ್ಕ್ಯೂಟ್ ಆಗಿ ಕೂರುತ್ತದೆ. ಹಳೆಯ ಕಾರಿನ ಮೋಟಾರನ್ನು ತೆಗೆದು ಬಳಸುವವರು ಇದನ್ನು ನೋಡಿಕೊಳ್ಳಲೇಬೇಕು.

ನಿಯಂತ್ರಕವನ್ನು ಚಾಸಿಯ ಮೇಲೆ ಡಬಲ್ ಸೈಡ್ ಟೇಪಿನಿಂದ ಕೂರಿಸುವುದು ಸಾಮಾನ್ಯ. ಎರಡೂ ಮೇಲ್ಮೈಗಳನ್ನು ಸ್ಪಿರಿಟ್ಟಿನಿಂದ ಒರೆಸದಿದ್ದರೆ ಮೊದಲ ಗುದ್ದಿಗೇ ಅದು ಕಿತ್ತುಬರುತ್ತದೆ. ಶಾಖ ಹೊರಹಾಕುವ ಲೋಹದ ಏಣುಗಳು ಮೇಲ್ಮುಖವಾಗಿ ಗಾಳಿಗೆ ತೆರೆದಿರಬೇಕು, ರಿಸೀವರ್ ಮತ್ತು ಅದರ ಆಂಟೆನಾ ದಪ್ಪ ತಂತಿಗಳಿಂದ ದೂರವಿರಬೇಕು. ರಿಸೀವರಿಗೆ ಹೋಗುವ ಮೂರೆಳೆಯ ತೆಳು ತಂತಿ ಸಂಕೇತವನ್ನು ಹೊತ್ತು ತರುವುದಲ್ಲದೆ, ನಿಯಂತ್ರಕದೊಳಗಿನ ಬಿಇಸಿ ಎಂಬ ಮಂಡಲದಿಂದ ಸಾಮಾನ್ಯವಾಗಿ 6 ವೋಲ್ಟ್ ವಿದ್ಯುತ್ತನ್ನು ರಿಸೀವರಿಗೂ ಸರ್ವೋವಿಗೂ ಕೊಂಡೊಯ್ಯುತ್ತದೆ. ಹಾಗಾಗಿ ರಿಸೀವರಿಗೆ ಪ್ರತ್ಯೇಕ ಬ್ಯಾಟರಿ ಇಟ್ಟುಕೊಳ್ಳುವವರು ನಿಯಂತ್ರಕದ ಕಡೆಯಿಂದ ಬರುವ ಕೆಂಪು ಎಳೆಯನ್ನು ಪ್ಲಗ್ಗಿನಿಂದ ಬಿಡಿಸಿ ಮುಚ್ಚಿಡಬೇಕು.

ಬ್ಯಾಟರಿ ಕೊಡುವ ಮುನ್ನ ಚಕ್ರಗಳು ನೆಲಕ್ಕೆ ತಾಗದಂತೆ ಕಾರನ್ನು ಎತ್ತಿ ನಿಲ್ಲಿಸಬೇಕು. ಪಿನಿಯನ್ನನ್ನೇ ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಕೆಲಸ ಕ್ಯಾಲಿಬ್ರೇಷನ್, ಅಂದರೆ ಟ್ರಿಗರಿನ ನಿಲುಗಡೆ, ಪೂರ್ತಿ ವೇಗ, ಪೂರ್ತಿ ಬ್ರೇಕು ಎಂಬ ಮೂರು ನೆಲೆಗಳನ್ನು ನಿಯಂತ್ರಕಕ್ಕೆ ತಿಳಿಸಿಕೊಡುವುದು. ಟ್ರಾನ್ಸ್‌ಮಿಟರಿನ ಟ್ರಿಮ್ಮನ್ನು ಸೊನ್ನೆಗೆ ತಂದುಕೊಂಡು ಈ ಕೆಲಸ ಮಾಡದಿದ್ದರೆ ಕಾರು ತಾನಾಗಿ ತೆವಳುವುದು, ಪೂರ್ತಿ ವೇಗ ಸಿಗದಿರುವುದು ಮುಂತಾದ ತೊಂದರೆಗಳು ಬರುತ್ತವೆ. ಕೆಲವು ತಯಾರಕರ ಟ್ರಾನ್ಸ್‌ಮಿಟರುಗಳಲ್ಲಿ ವೇಗದ ಚಾನೆಲ್ಲನ್ನು ತಿರುವುಮುರುವು ಮಾಡಿಕೊಂಡರಷ್ಟೇ ನಿಯಂತ್ರಕ ಅದನ್ನು ಒಪ್ಪುತ್ತದೆ.

ಬ್ಯಾಟರಿಯ ಬಗೆಯನ್ನು ಆರಿಸುವ ಜಂಪರ್ ಅಥವಾ ಮೆನುವನ್ನು ನೋಡದೆ ಬಿಡುವುದು ಅಪಾಯಕರ. ಲಿಥಿಯಂ ಪಾಲಿಮರ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇದ್ದು, 3 ವೋಲ್ಟಿಗಿಂತ ಕೆಳಗಿಳಿದರೆ ಒಳಗೊಳಗೇ ಕೆಡತೊಡಗುತ್ತದೆ, ಮತ್ತೆ ಚಾರ್ಜ್ ಮಾಡುವಾಗ ಉಬ್ಬುವ, ಹೊತ್ತಿಕೊಳ್ಳುವ ಸಂಭವವೂ ಉಂಟು. ನಿಯಂತ್ರಕವನ್ನು ನಿಕಲ್ ಬ್ಯಾಟರಿಯ ಕ್ರಮದಲ್ಲಿಟ್ಟು ಲಿಥಿಯಂ ಬ್ಯಾಟರಿ ಹಾಕಿದರೆ ಈ ಮಿತಿಯನ್ನು ಕಾಯುವವರೇ ಇರುವುದಿಲ್ಲ. ಸ್ವಿಚ್ ಆರಿಸಿದರೆ ಸಾಕೆಂಬ ನಂಬಿಕೆಯೂ ಇದೇ ಜಾತಿಯದು: ಬಹುಪಾಲು ನಿಯಂತ್ರಕಗಳಲ್ಲಿ ಸ್ವಿಚ್ ಬರಿಯ ಎಲೆಕ್ಟ್ರಾನಿಕ್ ಭಾಗವನ್ನು ಮಲಗಿಸುತ್ತದೆಯೇ ಹೊರತು ಬ್ಯಾಟರಿಯನ್ನು ಬೇರ್ಪಡಿಸುವುದಿಲ್ಲ; ಹನಿಹನಿಯಾಗಿ ಸೋರುವ ವಿದ್ಯುತ್ತು ವಾರಗಳಲ್ಲಿ ಬ್ಯಾಟರಿಯನ್ನು ಕೊಂದುಬಿಡಬಲ್ಲದು.

ಸ್ವಿಚ್ ಹಾಕುವಾಗ ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಕಾರು; ಆರಿಸುವಾಗ ಮೊದಲು ಕಾರು, ಆಮೇಲೆ ಟ್ರಾನ್ಸ್‌ಮಿಟರ್ ಎಂಬ ಕ್ರಮ ಎಲ್ಲ ಹವ್ಯಾಸಿಗಳಿಗೂ ಗೊತ್ತಿರುವಂಥದು. ಸಂಕೇತ ತಪ್ಪಿದಾಗ ಕಾರನ್ನು ನಿಲ್ಲಿಸುವ ಫೇಲ್‌ಸೇಫ್ ಏರ್ಪಾಡನ್ನು ಚಕ್ರಗಳನ್ನು ಎತ್ತಿಟ್ಟ ಸ್ಥಿತಿಯಲ್ಲಿಯೇ, ಟ್ರಾನ್ಸ್‌ಮಿಟರನ್ನು ಆರಿಸಿ ಪರೀಕ್ಷಿಸಿಕೊಳ್ಳಬಹುದು. ಆದರೆ ಫೇಲ್‌ಸೇಫಿಗೂ ಮೀರಿದ ಒಂದು ಸಂದರ್ಭವಿದೆ. ಅತಿಯಾದ ಬಿಸಿಗೋ ಹೊರೆಗೋ ಸಿಕ್ಕ ಮಾಸ್‌ಫೆಟ್ ಕೆಡುವಾಗ ಬಹಳ ಸಲ ತೆರೆದ ಸ್ಥಿತಿಯಲ್ಲಿ ಕೆಡದೆ, ಶಾರ್ಟ್ ಆಗಿ ಕೂಡಿಕೊಂಡೇ ಕೆಡುತ್ತದೆ. ಬ್ರಷ್ ಮೋಟಾರಿನ ಕಾರಿನಲ್ಲಿ ಹೀಗಾದರೆ ಬ್ಯಾಟರಿಯ ಪೂರ್ತಿ ವೋಲ್ಟೇಜು ನೇರವಾಗಿ ಮೋಟಾರಿಗೆ ಸಿಕ್ಕು, ಟ್ರಿಗರ್ ಬಿಟ್ಟರೂ, ಟ್ರಾನ್ಸ್‌ಮಿಟರನ್ನು ಆರಿಸಿದರೂ, ಕಾರಿನ ಸ್ವಿಚ್ಚನ್ನೇ ಒತ್ತಿದರೂ ಕಾರು ಪೂರ್ಣ ವೇಗದಲ್ಲಿ ಓಡುತ್ತಲೇ ಇರುತ್ತದೆ. ಅಂಥ ಕಾರು ಗೋಡೆಗೋ ಕಟ್ಟೆಗೋ ತಗುಲಿ ನಿಂತಾಗ ತಿರುಗುತ್ತಿರುವ ಚಕ್ರಗಳಿಂದ ಬೆರಳನ್ನು ದೂರವಿಟ್ಟು, ಮಗುಚಿ ಹಿಡಿದು, ಬ್ಯಾಟರಿಯ ಪ್ಲಗ್ಗನ್ನು ಎಳೆಯುವುದೊಂದೇ ಉಪಾಯ. ಆದುದರಿಂದ ತಂತಿಗಳನ್ನು ಓರಣವಾಗಿ ಕಟ್ಟುವಾಗ ಬ್ಯಾಟರಿಯ ಪ್ಲಗ್ಗನ್ನು ಜಿಪ್ ಟೈ ಹಾಕಿ ಚಾಸಿಯ ಸಂದಿಯಲ್ಲಿ ಹುದುಗಿಸಬಾರದು. ಬಾಡಿಯ ಅಡಿಗೆ ಕೈ ಹಾಕಿದೊಡನೆ ಸಿಗುವಂತೆ, ಒಂದೇ ಎಳೆತಕ್ಕೆ ಬಿಟ್ಟುಕೊಳ್ಳುವಂತೆ ಅದನ್ನು ಚಾಸಿಯ ಅಂಚಿಗೆ ತಂದಿಡಬೇಕು.