ಬಿಲ್ಲಿನ ಬೆಲೆ ಮತ್ತು ಬಾಳಿಕೆ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಣ ಬಂಡೆಬೆಟ್ಟಗಳ ನಾಡನ್ನು ನಮ್ಮ ಜನರು ತಲೆತಲಾಂತರದಿಂದ ಕಿಷ್ಕಿಂಧೆಯೆಂದು ಕರೆಯುತ್ತ ಬಂದಿದ್ದಾರೆ. ರಾಮಾಯಣದ ಕಥೆಯಲ್ಲಿ ಸುಗ್ರೀವನು ರಾಮನ ಮಾತನ್ನು ಕೇಳಿದೊಡನೆಯೆ ನಂಬಿಬಿಡಲಿಲ್ಲ. ವಾಲಿಯಂತಹ ವೀರನನ್ನು ಈತನ ಬಿಲ್ಲು ಕೆಡಹಬಲ್ಲುದೆ ಎಂಬ ಸಂಶಯ ಅವನಿಗಿತ್ತು. ಒಂದೇ ಬಾಣವು ಏಳು ಸಾಲವೃಕ್ಷಗಳನ್ನು ಭೇದಿಸಿದುದನ್ನು ಕಣ್ಣಾರೆ ಕಂಡ ಮೇಲೆಯೆ ಅವನ ಸಂಶಯ ಕಳೆಯಿತು. ಬಿಲ್ಲನ್ನು ಅದರ ಅಂದದಿಂದಲ್ಲ, ಕೆಲಸದಿಂದ ಅಳೆಯಬೇಕೆಂಬ ವಿವೇಕವು ಅಷ್ಟು ಹಳೆಯದು.

ಇದೇ ತುಂಗಭದ್ರೆಯ ದಡದಲ್ಲಿ ಒಂದು ರಾಜ್ಯವೇ ಬಿಲ್ಲಿನ ವಿಷಯದಲ್ಲಿ ಲೆಕ್ಕ ಹಾಕಬೇಕಾಯಿತು. ವಿಜಯನಗರದ ಇಮ್ಮಡಿ ದೇವರಾಯನು (1424–1446) ಬಹಮನಿಯರೊಡನೆ ನಡೆದ ಯುದ್ಧಗಳಲ್ಲಿ ತನ್ನ ಸೈನ್ಯವು ಹಿಂದೆ ಬೀಳಲು ಕಾರಣವೇನೆಂದು ವಿಚಾರಿಸಿದನಂತೆ. ಶತ್ರುಗಳ ಕುದುರೆಗಳೂ ಬಿಲ್ಲುಗಾರರೂ ಮೇಲಾದುದೇ ಕಾರಣವೆಂಬ ಉತ್ತರ ದೊರೆಯಲು, ಮುಸಲ್ಮಾನ ಬಿಲ್ಲುಗಾರರನ್ನು ತನ್ನ ಸೇವೆಗೆ ಸೇರಿಸಿಕೊಂಡು ತನ್ನವರಿಗೂ ಆ ವಿದ್ಯೆಯನ್ನು ಕಲಿಸಿದನೆಂದು ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತನು ಬರೆದಿದ್ದಾನೆ. ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸನು ಚಿನ್ನ ಬೆಳ್ಳಿಗಳ ತಗಡು ಹೊದಿಸಿದ ಬಿಲ್ಲುಗಳನ್ನೂ, ಬರಿಯ ಹೊಳಪು ಕೊಟ್ಟ ಬಿಲ್ಲುಗಳನ್ನೂ ಸೈನ್ಯದ ಪ್ರದರ್ಶನದಲ್ಲಿ ಕಂಡನು. ಚಿನ್ನದ ತಗಡು ಬಿಲ್ಲಿನ ಬೆಲೆಯನ್ನು ಏರಿಸುತ್ತದೆ; ಆದರೆ ಬಾಣವನ್ನು ಒಂದು ಮಾರೂ ಹೆಚ್ಚು ದೂರ ಒಯ್ಯುವುದಿಲ್ಲ. ಹಾಗಾದರೆ ಬಿಲ್ಲಿಗೆ ನಾವು ತೆರುವ ಹಣದಲ್ಲಿ ಎಷ್ಟು ಭಾಗ ಶಕ್ತಿಗೆ, ಎಷ್ಟು ಬಾಳಿಕೆಗೆ, ಎಷ್ಟು ಬರಿಯ ತಗಡಿಗೆ ಸಲ್ಲುತ್ತದೆ?

ಈ ಪ್ರಶ್ನೆ ಇಂದು ವಿದ್ಯಾರ್ಥಿಗಳ ಮನೆಗೂ ಬಂದಿದೆ. 2023ರಲ್ಲಿ ಬರ್ಲಿನ್ ನಗರದಲ್ಲಿ ಭಾರತದ ಮಹಿಳಾ ತಂಡವು ಕಾಂಪೌಂಡ್ ಬಿಲ್ಲಿನಿಂದ ವಿಶ್ವವಿಜೇತವಾಯಿತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಕಾಂಪೌಂಡ್ ವಿಭಾಗದ ಐದು ಚಿನ್ನದ ಪದಕಗಳೂ ನಮ್ಮ ದೇಶಕ್ಕೇ ಬಂದುವು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಈ ಬಿಲ್ಲಿನ ಮಿಶ್ರ ತಂಡಗಳ ಸ್ಪರ್ಧೆಯನ್ನು ಸೇರಿಸಲಾಗಿದೆ. ಇದನ್ನೆಲ್ಲ ಓದಿದ ಹುಡುಗನೊಬ್ಬನು ತಂದೆಯ ಬಳಿ ಹೋಗಿ, "ಅಪ್ಪಾ, ನನಗೂ ಅಂತಹದೊಂದು ಬಿಲ್ಲು ಬೇಕು" ಎಂದರೆ ಆಶ್ಚರ್ಯವಿಲ್ಲ. ಉತ್ತಮ ದರ್ಜೆಯ ವಿದೇಶೀ ಕಾಂಪೌಂಡ್ ಬಿಲ್ಲಿನ ಬೆಲೆ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಸಾಧಾರಣ ಸಂಸಾರಕ್ಕೆ ಅದು ಒಂದು ಬೆಳೆಯ ಉಳಿತಾಯ. ತಪ್ಪಾಗಿ ಆರಿಸಿದರೆ ಹಣದೊಡನೆ ಉತ್ಸಾಹವೂ ನಷ್ಟವಾಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಕಾಂಪೌಂಡ್ ಬಿಲ್ಲು ಅಮೆರಿಕದ ಬೇಟೆಗಾರರ ನಡುವೆ ಬೆಳೆದುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಮೃಗಗಳ ಬೇಟೆ ಅಪರಾಧ. ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಬೇಟೆಯ ದೃಶ್ಯಗಳನ್ನು ನೋಡಿ ಸಂತೋಷಪಡೋಣ. ನಮ್ಮ ಬಾಣಕ್ಕೆ ಗುರಿಹಲಗೆಯೇ ಸಾಕು.

ಬಿಲ್ಲು ಮಾಡುವ ಕೆಲಸ

ಬಿಲ್ಲು ಶಕ್ತಿಯನ್ನು ಹುಟ್ಟಿಸುವುದಿಲ್ಲ. ತೋಳು ನಿಧಾನವಾಗಿ ಮಾಡಿದ ಕಾರ್ಯವನ್ನು ಬಾಗಿದ ಕೊಂಬುಗಳಲ್ಲಿ ಕೂಡಿಟ್ಟು, ಕ್ಷಣಮಾತ್ರದಲ್ಲಿ ಬಾಣಕ್ಕೆ ಕೊಡುತ್ತದೆ, ಅಷ್ಟೆ. ಸಾಧಾರಣ ಬಿದಿರಿನ ಬಿಲ್ಲನ್ನು ಎಳೆದಂತೆಲ್ಲ ಬಲ ಏರುತ್ತ ಹೋಗುತ್ತದೆ. ಅರ್ಧ ಮೀಟರ್ ಎಳೆದಾಗ ಬಲವು 20 ಕಿಲೋಗ್ರಾಂ ತೂಕಕ್ಕೆ ಸಮವಾಯಿತೆನ್ನೋಣ. ಸರಾಸರಿ ಬಲ ಅದರ ಅರ್ಧ, ಅಂದರೆ ಸುಮಾರು 98 ನ್ಯೂಟನ್. ಇದನ್ನು ಅರ್ಧ ಮೀಟರಿನಿಂದ ಗುಣಿಸಿದರೆ ಕೂಡಿಟ್ಟ ಶಕ್ತಿ 49 ಜೂಲ್. ಗುರಿ ನೋಡುವ ಹೊತ್ತಿನಲ್ಲಿ ಬಿಲ್ಲುಗಾರನು 20 ಕಿಲೋಗ್ರಾಂ ಭಾರವನ್ನು ಬೆರಳುಗಳಲ್ಲಿ ತಡೆದು ನಿಲ್ಲಬೇಕು. ಕೈ ನಡುಗುವುದು ಸಹಜ.

ಅಮೆರಿಕದ ಮಿಸ್ಸೂರಿಯ ಹೊಲೆಸ್ ವಿಲ್ಬರ್ ಆಲೆನ್ ಎಂಬಾತನು ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಬಿಲ್ಲಿನ ಎರಡು ತುದಿಗಳಿಗೂ ರಾಟೆಗಳನ್ನು ಜೋಡಿಸಿ, ಅವುಗಳ ಅಚ್ಚನ್ನು ನಡುವಿನಲ್ಲಿಡದೆ ಒಂದು ಪಕ್ಕಕ್ಕೆ ಇಟ್ಟನು. 1966ರಲ್ಲಿ ಸಲ್ಲಿಸಿದ ಅರ್ಜಿಗೆ 1969ರಲ್ಲಿ ಪೇಟೆಂಟ್ ದೊರೆಯಿತು. ಬಾವಿಯ ರಾಟೆ ದುಂಡಗಿದ್ದು ಅಚ್ಚು ನಡುವೆ ಇರುವುದರಿಂದ ಕೊಡವು ಮೇಲೆ ಬರುವವರೆಗೂ ಒಂದೇ ಭಾರ ತೋರುತ್ತದೆ. ಅಚ್ಚು ಪಕ್ಕಕ್ಕಿದ್ದರೆ ರಾಟೆ ತಿರುಗಿದಂತೆ ಸನ್ನೆಯ ಅಳತೆಯೇ ಬದಲಾಗುತ್ತದೆ. ಆದುದರಿಂದ ಕಾಂಪೌಂಡ್ ಬಿಲ್ಲಿನ ಸೆಳೆತವು ಮೊದಲಲ್ಲಿ ಬೇಗ ಏರಿ, ನಡುವೆ ಗರಿಷ್ಠ ಮಟ್ಟದಲ್ಲಿಯೆ ನಿಂತು, ಕೊನೆಯಲ್ಲಿ ತಟ್ಟನೆ ಇಳಿಯುತ್ತದೆ. ಇಳಿತವು ಸಾಮಾನ್ಯವಾಗಿ ನೂರಕ್ಕೆ 65ರಿಂದ 80ರಷ್ಟು. 20 ಕಿಲೋಗ್ರಾಂ ಬಿಲ್ಲನ್ನು ಎಳೆದು ಹಿಡಿದವನ ಬೆರಳಿಗೆ ಐದಾರು ಕಿಲೋಗ್ರಾಂ ಭಾರ ಮಾತ್ರ ತಗಲುತ್ತದೆ.

ಇನ್ನೊಂದು ಲಾಭವೂ ಉಂಟು. ಸೆಳೆತದ ಬಹುಭಾಗ ಗರಿಷ್ಠ ಬಲದಲ್ಲಿಯೆ ನಡೆಯುವುದರಿಂದ ಸರಾಸರಿ ಬಲ ಸುಮಾರು 14 ಕಿಲೋಗ್ರಾಂ ಇದ್ದರೆ, ಕೂಡಿಟ್ಟ ಶಕ್ತಿ 70 ಜೂಲ್‌ಗಳ ಹತ್ತಿರ ಬರುತ್ತದೆ. ಕೊಂಬುಗಳು ಗಿಡ್ಡವಾಗಿದ್ದು ಸ್ವಲ್ಪವೇ ಚಲಿಸುವುದರಿಂದ ಈ ಶಕ್ತಿಯ ಹೆಚ್ಚಿನ ಪಾಲು ಬಾಣಕ್ಕೇ ಸಲ್ಲುತ್ತದೆ. ನೂರಕ್ಕೆ 80 ಪಾಲು 20 ಗ್ರಾಂ ಬಾಣಕ್ಕೆ ಸೇರಿದರೆ ವೇಗ ಸೆಕೆಂಡಿಗೆ ಸುಮಾರು 75 ಮೀಟರ್. ಬಿದಿರಿನ ಬಿಲ್ಲಿನ ಶಕ್ತಿಯಲ್ಲಿ ನೂರಕ್ಕೆ 60 ಪಾಲು 25 ಗ್ರಾಂ ಬಾಣಕ್ಕೆ ಸೇರಿದರೆ ವೇಗ ಸುಮಾರು 48 ಮೀಟರ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಮಾಡಿದರೆ, 50 ಮೀಟರ್ ದೂರ ಹೋಗುವುದರೊಳಗೆ ಮೊದಲನೆಯ ಬಾಣವು ಗುರುತ್ವದಿಂದ ಸುಮಾರು 2.2 ಮೀಟರ್ ಇಳಿದರೆ ಎರಡನೆಯದು 5 ಮೀಟರುಗಳಿಗೂ ಹೆಚ್ಚು ಇಳಿಯುತ್ತದೆ. ಹಣ ಕೊಂಡುಕೊಡುವ ಮೊದಲ ವಸ್ತು ಈ ವೇಗ.

ಯಾವ ಭಾಗದ ಆಯುಸ್ಸು ಎಷ್ಟು?

ಬಿದಿರಿನ ಬಿಲ್ಲನ್ನು ಬಳಸಿದ ಮೇಲೆ ಹೆದೆಯನ್ನು ಇಳಿಸಿಡುವುದು ವಾಡಿಕೆ. ಆಗ ಕೊಂಬುಗಳಿಗೆ ವಿಶ್ರಾಂತಿ ದೊರೆಯುತ್ತದೆ. ಕಾಂಪೌಂಡ್ ಬಿಲ್ಲಿಗೆ ಈ ಭಾಗ್ಯವಿಲ್ಲ. ಗೋಡೆಗೆ ತೂಗುಹಾಕಿದಾಗಲೂ ಅದರ ಕೊಂಬುಗಳು ಬಿಗಿಯಲ್ಲಿಯೆ ಇರುತ್ತವೆ. ಹೆದೆಯನ್ನು ಬಿಚ್ಚಬೇಕಾದರೆ ಬಹುಪಾಲು ಬಿಲ್ಲುಗಳಿಗೆ ಕೊಂಬುಗಳನ್ನು ಒತ್ತಿ ಹಿಡಿಯುವ ವಿಶೇಷ ಯಂತ್ರವೇ ಬೇಕು. ಬಾಳಿಕೆಯ ವಿಚಾರ ಇಲ್ಲಿಂದಲೇ ಆರಂಭವಾಗುತ್ತದೆ.

ನಡುವಣ ಹಿಡಿಯು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬಿದ್ದು ಬಾಗದಿದ್ದರೆ ಅದು ಬಹುಕಾಲ ಉಳಿಯುತ್ತದೆ. ಕೊಂಬುಗಳು ಗಾಜಿನ ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂಡಿಸಿದವು. ಇವುಗಳಿಗೆ ಎರಡು ಶತ್ರುಗಳು. ಮೊದಲನೆಯದು ತಾಪ. ಗಂಗಾವತಿಯ ಬೇಸಗೆಯಲ್ಲಿ ನೆರಳಿನಲ್ಲಿಯೇ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವ ದಿನಗಳುಂಟು. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಮೋಟಾರಿನೊಳಗೆ ಅದು 60ನ್ನೂ ದಾಟಬಲ್ಲುದು. ಬಿಗಿಯಲ್ಲಿರುವ ಅಂಟು ಆ ತಾಪದಲ್ಲಿ ಮೆದುವಾಗತೊಡಗಿದರೆ ಪದರಗಳು ಬಿಡುತ್ತವೆ. ಎರಡನೆಯದು ಬರಿಯ ಹೆದೆಯನ್ನು ಎಳೆದು ಬಿಡುವ ಚಾಪಲ್ಯ. ಬಾಣವಿಲ್ಲದಿದ್ದರೆ ಆ 70 ಜೂಲ್ ಶಕ್ತಿಗೆ ಹೊರಹೋಗುವ ದಾರಿಯಿಲ್ಲ. ಅದು ಕೊಂಬನ್ನು ಸೀಳಬಹುದು, ರಾಟೆಯನ್ನು ಬಾಗಿಸಬಹುದು, ಹೆದೆಯನ್ನು ಹರಿದು ಮುಖಕ್ಕೆ ಹೊಡೆಯಬಹುದು. ಲಕ್ಷ ರೂಪಾಯಿಯ ಬಿಲ್ಲಿಗೂ ಇದರಿಂದ ರಕ್ಷಣೆಯಿಲ್ಲ. ಬಾಣವು ಅತಿ ಹಗುರವಾದರೂ ಇದೇ ದೋಷ ಸ್ವಲ್ಪಮಟ್ಟಿಗೆ ತಲೆದೋರುತ್ತದೆ. ಆದುದರಿಂದಲೇ ಒಂದು ಪೌಂಡ್ ಸೆಳೆತಕ್ಕೆ 5 ಗ್ರೇನ್‌ಗಿಂತ, ಅಂದರೆ ಸುಮಾರು ಮೂರನೆಯ ಒಂದು ಗ್ರಾಂಗಿಂತ, ಬಾಣದ ತೂಕ ಕಡಿಮೆಯಿರಬಾರದೆಂಬ ನಿಯಮವು ರೂಢಿಯಲ್ಲಿದೆ.

ಹೆದೆ ಮತ್ತು ಅದರ ಜೊತೆಯ ಹುರಿಗಳು ಎಲ್ಲಕ್ಕಿಂತ ಬೇಗ ಸವೆಯುವ ಭಾಗಗಳು. ಇವು ಬಲವಾದ ಪಾಲಿಎಥಿಲೀನ್ ಮುಂತಾದ ಕೃತಕ ಎಳೆಗಳಿಂದಾದವು. ಎಡೆಬಿಡದ ಎಳೆತದಲ್ಲಿ, ಅದರಲ್ಲಿಯೂ ಸೆಕೆಯಲ್ಲಿ, ಈ ಎಳೆ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಉದ್ದವಾಗುತ್ತ ಹೋಗುತ್ತದೆ. ಆಗ ಎರಡು ರಾಟೆಗಳ ಹೊಂದಿಕೆ ತಪ್ಪಿ ಬಾಣವು ಗುರಿಯಿಂದ ಜಾರುತ್ತದೆ. ಭತ್ತದ ಒಕ್ಕಣೆಯ ಕಾಲದ ಧೂಳು ಎಳೆಗಳ ನಡುವೆ ಸೇರಿ ಅವನ್ನು ಅರದಂತೆ ತೇಯುತ್ತದೆ. ಮೇಣ ಹಚ್ಚಿ ಜೋಪಾನಮಾಡಿದರೂ ದಿನವೂ ಅಭ್ಯಾಸ ಮಾಡುವವರು ಒಂದೆರಡು ವರ್ಷಕ್ಕೊಮ್ಮೆ ಹೆದೆಯನ್ನು ಬದಲಾಯಿಸಬೇಕಾಗುತ್ತದೆ.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಹೆಚ್ಚಿನ ಬೆಲೆ ಎಂದರೆ ಹೆಚ್ಚಿನ ಆಯುಸ್ಸು ಎಂದರ್ಥವಲ್ಲ. ಬೆಲೆ ಏರಿದಂತೆ ವೇಗ, ನಿಖರತೆ, ಹೊಂದಿಸುವ ಸೌಕರ್ಯ ಇವು ಹೆಚ್ಚುತ್ತವೆ, ಕಂಪನ ತಗ್ಗುತ್ತದೆ. ಆದರೆ ಅತಿವೇಗದ ಬಿಲ್ಲಿನಲ್ಲಿ ಹೆದೆಯೂ ಕೊಂಬೂ ಹೆಚ್ಚು ಬಿಗಿಯಲ್ಲಿ ದುಡಿಯುವುದರಿಂದ ಆರೈಕೆಯ ಖರ್ಚೂ ಏರುತ್ತದೆ. ತೀರ ಅಗ್ಗದ ಬಿಲ್ಲಿನಲ್ಲಾದರೋ ಅಚ್ಚು, ರಾಟೆಗಳ ಕೆಲಸವೇ ಒರಟಾಗಿದ್ದು ಬಿಡಿಭಾಗಗಳು ದೊರೆಯದೆ ಹೋಗಬಹುದು. ಬಿಡಿಭಾಗ ಸಿಕ್ಕದ ಯಂತ್ರಕ್ಕೆ ಬಾಳಿಕೆಯೆಂಬುದಿಲ್ಲ. ಇದನ್ನು ಗಂಗಾವತಿಯ ಅಕ್ಕಿ ಗಿರಣಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲೆಕ್ಕದ ಕ್ರಮ

ಗಿರಣಿಯವರು ಯಂತ್ರ ಕೊಳ್ಳುವಾಗ ಮಾಡುವ ಲೆಕ್ಕವನ್ನೇ ಇಲ್ಲಿಯೂ ಮಾಡೋಣ. ಕೊಂಡ ಬೆಲೆಯಿಂದ ಮುಂದೆ ಮಾರಿದರೆ ಬರುವ ಹಣವನ್ನು ಕಳೆದು, ಬಳಸುವ ವರ್ಷಗಳಿಂದ ಭಾಗಿಸಿ, ವಾರ್ಷಿಕ ಆರೈಕೆಯ ಖರ್ಚನ್ನು ಕೂಡಿಸಬೇಕು.

ಉದಾಹರಣೆಗಾಗಿ ಕೆಲವು ಅಂಕೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲ ಬಿಲ್ಲಿಗೆ 40,000 ರೂಪಾಯಿ. 4 ವರ್ಷ ಬಳಕೆ. ಕೊನೆಗೆ ಮಾರುವ ಬೆಲೆ ಏನೂ ಇಲ್ಲ. ವರ್ಷಕ್ಕೆ 4,000 ಆರೈಕೆ. ಒಟ್ಟು ವರ್ಷಕ್ಕೆ 14,000. ಎರಡನೆಯದಕ್ಕೆ 1,20,000 ರೂಪಾಯಿ. 8 ವರ್ಷ ಬಳಕೆ. ವರ್ಷಕ್ಕೆ 8,000 ಆರೈಕೆ. ಒಟ್ಟು ವರ್ಷಕ್ಕೆ 23,000. ದಿನಕ್ಕೆ ನೂರು ಬಾಣಗಳಂತೆ ವರ್ಷದಲ್ಲಿ 250 ದಿನ ಅಭ್ಯಾಸ ಮಾಡುವವನಿಗೆ ಮೊದಲನೆಯದರಲ್ಲಿ ಬಾಣವೊಂದಕ್ಕೆ 56 ಪೈಸೆ, ಎರಡನೆಯದರಲ್ಲಿ 92 ಪೈಸೆ ಬೀಳುತ್ತದೆ. ಸ್ಪರ್ಧೆಯಲ್ಲಿ ಒಂದೊಂದು ಅಂಕಕ್ಕೂ ಹೋರಾಡುವವನಿಗೆ ಆ 36 ಪೈಸೆ ಹೆಚ್ಚಲ್ಲ. ಆದರೆ ಉತ್ಸಾಹ ಇಳಿದು ವರ್ಷಕ್ಕೆ 500 ಬಾಣ ಮಾತ್ರ ಬಿಡುವವನಿಗೆ ಮೊದಲ ಬಿಲ್ಲಿನಲ್ಲಿಯೇ ಬಾಣಕ್ಕೆ 28 ರೂಪಾಯಿ ತಗಲುತ್ತದೆ! ಗೋಡೆಗೆ ತೂಗುಬಿದ್ದ ಬಿಲ್ಲೇ ಎಲ್ಲಕ್ಕಿಂತ ದುಬಾರಿ.

ಬೆಳೆಯುವ ವಯಸ್ಸಿನವರು ಇನ್ನೊಂದು ಅಂಶವನ್ನು ಗಮನಿಸಬೇಕು. ಚಾಚಿದ ಎರಡು ತೋಳುಗಳ ಉದ್ದವನ್ನು 2.5ರಿಂದ ಭಾಗಿಸಿದರೆ ಬಿಲ್ಲನ್ನು ಎಳೆಯಬೇಕಾದ ಉದ್ದ ಸ್ಥೂಲವಾಗಿ ದೊರೆಯುತ್ತದೆ. 160 ಸೆಂಟಿಮೀಟರ್ ಇದ್ದವನಿಗೆ 64. ಎರಡು ವರ್ಷದಲ್ಲಿ ತೋಳು 170 ಆದರೆ 68. ಕಾಂಪೌಂಡ್ ಬಿಲ್ಲಿನ ಸೆಳೆತವು ರಾಟೆಯ ಆಕಾರದಿಂದಲೇ ನಿಶ್ಚಿತವಾಗಿರುವುದರಿಂದ, ಬದಲಾಯಿಸಲು ಬಾರದ ಬಿಲ್ಲು ಮುರಿಯದಿದ್ದರೂ ನಿರುಪಯೋಗಿಯಾಗುತ್ತದೆ. ಅಂಗಿಯು ಹರಿಯುವ ಮೊದಲೇ ಗಿಡ್ಡವಾಗುವಂತೆ ಇದು! ಆದುದರಿಂದ ಉದ್ದವನ್ನೂ ಬಲವನ್ನೂ ವಿಶಾಲವಾಗಿ ಹೊಂದಿಸಬಲ್ಲ ಮಧ್ಯಮ ದರ್ಜೆಯ ಬಿಲ್ಲೇ ವಿದ್ಯಾರ್ಥಿಗೆ ಲೇಸು. ಅದಕ್ಕೂ ಮುನ್ನ ಒಂದು ವರ್ಷ ಬಿದಿರಿನ ಬಿಲ್ಲಿನಲ್ಲಿ ಕಲಿಯುವುದು ಇನ್ನೂ ಲೇಸು. ನಮ್ಮ ದೇಶದಲ್ಲಿ 'ಇಂಡಿಯನ್ ರೌಂಡ್' ಎಂಬ ಸ್ಪರ್ಧೆಯು 50 ಮತ್ತು 30 ಮೀಟರುಗಳಲ್ಲಿ ಇಂತಹ ಬಿಲ್ಲುಗಳಿಗಾಗಿಯೇ ನಡೆಯುತ್ತದೆ.

ಹಳೆಯ ಬಿಲ್ಲನ್ನು ಕೊಳ್ಳುವುದಾದರೆ ಸುಗ್ರೀವನಂತೆ ಮೊದಲು ಪರೀಕ್ಷಿಸಿರಿ. ಕೊಂಬಿನ ಮೇಲೆ ಹತ್ತಿಯ ಉಂಡೆಯನ್ನು ಸವರಿದಾಗ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆಯೆಂದು ತಿಳಿಯಿರಿ. ರಾಟೆ ಓಲಾಡದೆ ತಿರುಗುತ್ತದೆಯೆ, ಹೆದೆಯಲ್ಲಿ ನವಿರೆದ್ದಿದೆಯೆ, ಹೊಸ ಹೆದೆ ಹಾಕಿಕೊಡುವವರು ಎಷ್ಟು ದೂರದ ಊರಿನಲ್ಲಿದ್ದಾರೆ ಎಂಬುದನ್ನು ವಿಚಾರಿಸಿರಿ. ಕಾರ್ಬನ್ ಬಾಣಗಳನ್ನು ಪ್ರತಿ ಸಲವೂ ಕೈಯಲ್ಲಿ ಮೆಲ್ಲನೆ ಬಾಗಿಸಿ, ಬಿರುಕಿನ ಸದ್ದು ಕೇಳಿದರೆ ಮುರಿದೊಗೆಯಿರಿ; ಬಿರುಕು ಬಿಟ್ಟ ಬಾಣವು ಹೆದೆಯ ಹೊಡೆತಕ್ಕೆ ಸಿಡಿದು ಕೈಗೆ ಚುಚ್ಚಿಕೊಳ್ಳಬಹುದು. ಬಿಲ್ಲಿಗಾಗಿ ಕೂಡಿಟ್ಟ ಹಣವನ್ನೆಲ್ಲ ಬಿಲ್ಲಿಗೇ ಸುರಿಯದೆ, ಒಂದು ಪಾಲನ್ನು ಬಾಣಗಳಿಗೂ ಹೆದೆಗೂ ಕಲಿಸುವ ಗುರುವಿಗೂ ಉಳಿಸಿಕೊಳ್ಳಿರಿ. ದೇವರಾಯನು ಬಿಲ್ಲುಗಾರರನ್ನು ಕರೆಸಿದುದು ತನ್ನವರಿಗೆ ಬಿಲ್ವಿದ್ಯೆಯನ್ನು ಕಲಿಸುವುದಕ್ಕಾಗಿಯೂ ಅಲ್ಲವೆ?